ಹುಲೇಕಲ್‌ನ ಆಯಿ, ಅಮೆರಿಕದ ಮಗ, ನಡುವೆ ಒಂದು ಟಿವಿ

ಇವತ್ತು ರಾಜಕೀಯ ಇಲ್ಲ. ಇವತ್ತು ಟಿವಿಯ ಬಗ್ಗೆನೇ ಮಾತಾಡೋಣ. ನೀವು ನೋಡ್ತಿರೋ ಈ ಪೆಟ್ಟಿಗೆಯ ಬಗ್ಗೆ, ಇದರೊಳಗೆ ಕೂತು ಮಾತಾಡೋ ನನ್ನಂಥವರ ಬಗ್ಗೆ.

ಇಂಜಿನಿಯರಿಂಗ್ ಓದಿದ ಯಾರನ್ನಾದರೂ ಕೇಳಿ, ಅವರ ಕ್ಲಾಸಿನ ವಾಟ್ಸಾಪ್ ಗ್ರೂಪ್‌ನಲ್ಲಿ ಅರ್ಧ ಜನ ಹೊರದೇಶದಲ್ಲಿರ್ತಾರೆ. ನನ್ನ ಗ್ರೂಪ್ ಕೂಡ ಹಾಗೇ. ನಾನು ಟಿವಿಯವನು ಅನ್ನೋ ಕಾರಣಕ್ಕೆ ಅಲ್ಲಿ ಪದೇ ಪದೇ ಬರೋ ಒಂದು ಮಾತಿದೆ: "ಇಲ್ಲಿನ ಟಿವಿ ನೋಡಬೇಕು ಮಾರಾಯ, ಎಷ್ಟು ಶಾಂತ! ನಮ್ಮೂರ ಚಾನೆಲ್ ಹಾಕಿದ್ರೆ ಮನೇಲಿ ಜಗಳ ಆಗ್ತಿದೆ ಅಂದುಕೊಂಡು ಪಕ್ಕದ ಮನೆಯವರು ಬಾಗಿಲು ತಟ್ತಾರೆ." ನಗು ಬರುತ್ತೆ. ಆದರೆ ಅಮೆರಿಕದ ಟಿವಿ ಶಾಂತ, ನಮ್ಮದು ಗಲಾಟೆ, ಅಷ್ಟೇನಾ ವ್ಯತ್ಯಾಸ? ಅಷ್ಟೇ ಆಗಿದ್ದರೆ ರಿಮೋಟ್‌ನಲ್ಲಿ ವಾಲ್ಯೂಮ್ ಕಡಿಮೆ ಮಾಡಿದರೆ ಸಾಕಿತ್ತು.

ಮೊದಲು ಈ ಶಾಂತಿಯ ವಿಚಾರ ನೋಡೋಣ. ಅಮೆರಿಕದಲ್ಲಿ 1949ರಿಂದ ಒಂದು ನಿಯಮ ಇತ್ತು. ವಿವಾದದ ವಿಷಯ ಬಂದಾಗ ಪ್ರಸಾರ ಮಾಡುವ ಸ್ಟೇಷನ್ ಬೇರೆ ಬೇರೆ ಅಭಿಪ್ರಾಯಗಳಿಗೆ ಜಾಗ ಕೊಡಬೇಕು ಅಂತ. ಫೇರ್‌ನೆಸ್ ಡಾಕ್ಟ್ರಿನ್ ಅಂತ ಅದರ ಹೆಸರು. 1987ರಲ್ಲಿ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಅದನ್ನು ಕೈಬಿಟ್ಟಿತು. 1980ರಲ್ಲಿ ಶುರುವಾದ ಸಿಎನ್‌ಎನ್ 24 ಗಂಟೆ ಸುದ್ದಿ ಅನ್ನೋ ಅಭ್ಯಾಸ ಕಲಿಸಿತ್ತು. 1996ರಲ್ಲಿ ಎಂಎಸ್‌ಎನ್‌ಬಿಸಿ ಬಂತು, ಫಾಕ್ಸ್ ನ್ಯೂಸ್ ಬಂತು. ಈಗ ಅಲ್ಲಿ ರಾತ್ರಿ ಎಂಟು ಗಂಟೆಗೆ ಈ ಚಾನೆಲ್‌ಗಳನ್ನು ತಿರುಗಿಸಿದರೆ, ಒಂದೇ ದೇಶದ ಸುದ್ದಿ ನೋಡ್ತಿದ್ದೀವಾ ಅಂತ ಅನುಮಾನ ಬರುತ್ತೆ. ಎಲ್ಲರ ಮನೆ ದೋಸೆಯೂ ತೂತೇ.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿದೆ? ಸಂಜೆ ಐದು ಆರು ಗಂಟೆಯ ಲೋಕಲ್ ನ್ಯೂಸ್‌ನಲ್ಲಿದೆ.

ಅಮೆರಿಕದಲ್ಲಿ ಟಿವಿ ಅನ್ನೋದು ಊರಿಗೆ ಅಂಟಿಕೊಂಡ ವಸ್ತು. ಇಡೀ ದೇಶವನ್ನು 210 ಟಿವಿ ಮಾರುಕಟ್ಟೆಗಳಾಗಿ ವಿಂಗಡಿಸಿದ್ದಾರೆ. ಒಂದು ಸ್ಟೇಷನ್‌ಗೆ ಲೈಸೆನ್ಸ್ ಕೊಡುವಾಗ ಅದು ಯಾವ ಊರಿನ ಸ್ಟೇಷನ್ ಅಂತ ಹೆಸರು ಬರೀತಾರೆ. ಎಂಟು ವರ್ಷಕ್ಕೊಮ್ಮೆ ನವೀಕರಣ. ಆ ಊರಿನ ಜನರಿಗಾಗಿ ಏನು ಪ್ರಸಾರ ಮಾಡಿದಿರಿ ಅನ್ನೋ ದಾಖಲೆಯನ್ನು ಯಾರು ಬೇಕಾದರೂ ನೋಡೋ ಹಾಗೆ ಇಡಬೇಕು. ಇನ್ನೊಂದು ತಮಾಷೆ ಕೇಳಿ. ನಮ್ಮಲ್ಲಿ ದೂರದರ್ಶನದ ಕಾಲದಲ್ಲಿ ಮನೆ ಮೇಲೆ ಹತ್ತಿ ಆಂಟೆನಾ ತಿರುಗಿಸಿ, 'ಬಂತಾ? ಬಂತಾ?' ಅಂತ ಕೂಗ್ತಿದ್ವಲ್ಲ, ಆ ಆಂಟೆನಾ ಅಮೆರಿಕದಲ್ಲಿ ಇನ್ನೂ ಇದೆ. 2009ರ ಜೂನ್‌ನಲ್ಲಿ ಡಿಜಿಟಲ್ ಆಯ್ತು ಅಷ್ಟೇ. ಅಂಗಡಿಯಿಂದ ಒಂದು ಆಂಟೆನಾ ತಂದು ಕಿಟಕಿಗೆ ಸಿಕ್ಕಿಸಿದರೆ ಲೋಕಲ್ ಸ್ಟೇಷನ್‌ಗಳು ಪುಕ್ಕಟೆ ಬರ್ತಾವೆ.

ಹಿಮ ಬಿದ್ದರೆ ಯಾವ ಶಾಲೆಗೆ ರಜೆ, ಯಾವ ರಸ್ತೆ ಬಂದ್, ಸುಂಟರಗಾಳಿ ಯಾವ ಕೌಂಟಿಯ ಕಡೆ ಬರ್ತಿದೆ, ಇದೆಲ್ಲ ಹೆಸರು ಹೇಳಿ, ನಕ್ಷೆ ತೋರಿಸಿ ಹೇಳ್ತಾರೆ. ಇಲ್ಲಿಂದ ಹೋದವನಿಗೆ ಮೊದಲ ಚಳಿಗಾಲದಲ್ಲೇ ಇದು ಅರ್ಥ ಆಗುತ್ತೆ. ಹೊಸ ದೇಶದ ಟಿವಿ ಅವನ ಊರಿನ ಹೆಸರು ಹೇಳುತ್ತೆ. ಬಿಟ್ಟು ಬಂದ ದೇಶದ ಟಿವಿ?

ಈಗ ಹುಲೇಕಲ್‌ಗೆ ಬರೋಣ. ಶಿರಸಿ ತಾಲ್ಲೂಕಿನ ಹೋಬಳಿ ಊರು. ಸುತ್ತ ಅಡಿಕೆ ತೋಟ, ಬೆಟ್ಟ, ಮಳೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲ್ಲೂಕಿನಲ್ಲಿ ನೀವು ಎಷ್ಟೋ ಮನೆಗಳನ್ನು ನೋಡಬಹುದು: ದೊಡ್ಡ ಅಂಗಳ, ಅಟ್ಟದ ತುಂಬ ಅಡಿಕೆ, ಮನೆಯಲ್ಲಿ ವಯಸ್ಸಾದ ಇಬ್ಬರೇ. ಮಕ್ಕಳು ಬೆಂಗಳೂರು, ಅಲ್ಲಿಂದ ಮುಂದೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಟೆಕ್ಸಾಸ್. ಇಂಥ ಮನೆಯಲ್ಲಿ ಟಿವಿ ಮನರಂಜನೆಯ ಪೆಟ್ಟಿಗೆ ಮಾತ್ರ ಅಲ್ಲ. ಅದು ಮಗ ಇರೋ ದೇಶದ ಕಡೆಗಿರೋ ಕಿಟಕಿ. ಅಲ್ಲಿ ಮಗನೂ ಫೋನ್‌ನಲ್ಲಿ ಕನ್ನಡ ಚಾನೆಲ್‌ನ ಲೈವ್ ಹಾಕ್ಕೊಂಡು ಕೂತಿರ್ತಾನೆ. ಅವನ ಕಿಟಕಿ ಊರಿನ ಕಡೆಗೆ. ಎರಡೂ ಕಿಟಕಿಯಲ್ಲಿ ಕಾಣೋದು ಒಂದೇ ಸ್ಟುಡಿಯೋ, ನಮ್ಮದು.

ಆ ಕಿಟಕಿಯಲ್ಲಿ ಏನು ಕಾಣುತ್ತೆ? 2025ರ ಜನವರಿ 7ರಂದು ಲಾಸ್ ಏಂಜಲೀಸ್ ಸುತ್ತ ಕಾಡ್ಗಿಚ್ಚು ಶುರುವಾಯ್ತು. ದೊಡ್ಡ ದುರಂತ, ತೋರಿಸಲೇಬೇಕಾದ ಸುದ್ದಿ. ಪರದೆ ಮೇಲೆ ಕೆಂಪು ಅಕ್ಷರದಲ್ಲಿ 'ಹೊತ್ತಿ ಉರಿದ ಕ್ಯಾಲಿಫೋರ್ನಿಯಾ' ಅಂತ ಬಂದರೆ, ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ ಅನ್ನೋದಷ್ಟೇ ಗೊತ್ತಿರೋ ತಾಯಿ ಏನು ಮಾಡಬೇಕು? ಫೋನ್ ಮಾಡ್ತಾರೆ. "ತಮಾ, ಅರಾಮ ಇದ್ಯಾ? ಟೀವಿಲಿ ಬೆಂಕಿ ತೋರಸ್ತಾ ಇದ್ದ." ಮಗ ಸ್ಯಾನ್ ಹೋಸೆಯಲ್ಲಿ ಆಫೀಸ್ ಮೀಟಿಂಗ್‌ನಲ್ಲಿರ್ತಾನೆ. "ಆಯಿ, ಆ ಬೆಂಕಿ ರಾಶಿ ದೂರ ಇದ್ದು." ಇದು ಯಾವುದೋ ಒಂದು ಮನೆಯ ಕಥೆ ಅಲ್ಲ. ಇಂಥ ಫೋನ್ ಮಾಡಿದವರು ನಿಮ್ಮಲ್ಲೇ ಎಷ್ಟೋ ಜನ ಇದ್ದೀರಿ.

ರಾಶಿ ದೂರ ಅಂದರೆ ಎಷ್ಟು ದೂರ? ಲಾಸ್ ಏಂಜಲೀಸ್‌ನಿಂದ ಸ್ಯಾನ್ ಹೋಸೆ 500 ಕಿಲೋಮೀಟರ್‌ಗೂ ಹೆಚ್ಚು. ಶಿರಸಿಯಿಂದ ಬೆಂಗಳೂರು ಸುಮಾರು 400. ಕ್ಯಾಲಿಫೋರ್ನಿಯಾ ನಮ್ಮ ಕರ್ನಾಟಕಕ್ಕಿಂತ ಎರಡು ಪಟ್ಟು ದೊಡ್ಡದು. ಬೆಂಗಳೂರಿನಲ್ಲಿ ಬೆಂಕಿ ಬಿದ್ದರೆ ಹುಲೇಕಲ್‌ನ ತೋಟಕ್ಕೆ ಬಿಸಿ ತಾಗುತ್ತಾ? ಈ ಒಂದು ಹೋಲಿಕೆ, ಒಂದು ಸಾಲು, ಒಂದು ನಕ್ಷೆ ಪರದೆ ಮೇಲೆ ಇದ್ದಿದ್ದರೆ ಆ ತಾಯಿ ಅವತ್ತು ಊಟ ಮಾಡಿ ಮಲಗ್ತಿದ್ದರು.

ಅದೇ ಹೊತ್ತಿನಲ್ಲಿ ಅಲ್ಲಿನ ಲೋಕಲ್ ಸ್ಟೇಷನ್‌ಗಳು ಯಾವ ಬಡಾವಣೆ ಕೂಡಲೇ ಖಾಲಿ ಮಾಡಬೇಕು, ಯಾವುದು ಗಂಟುಮೂಟೆ ಕಟ್ಟಿ ಸಿದ್ಧವಾಗಿರಬೇಕು ಅಂತ ಹೇಳ್ತಿದ್ದವು. ಅಲ್ಲೂ ಎಡವಟ್ಟು ಆಗುತ್ತೆ. ಜನವರಿ 9ರಂದು ಒಂದು ಪ್ರದೇಶಕ್ಕೆ ಹೋಗಬೇಕಿದ್ದ ತೆರವಿನ ಎಚ್ಚರಿಕೆ ಲಾಸ್ ಏಂಜಲೀಸ್ ಕೌಂಟಿಯ ಸುಮಾರು ಒಂದು ಕೋಟಿ ಜನರ ಫೋನ್‌ಗೆ ಹೋಯ್ತು. ಆದರೆ ಸ್ವಲ್ಪ ಹೊತ್ತಿನಲ್ಲೇ, ಅದು ತಪ್ಪು ಸಂದೇಶ ಅಂತ ಇನ್ನೊಂದು ಸಂದೇಶವೂ ಹೋಯ್ತು.

ಬೆಂಕಿ ಬಿಡಿ, ಕಾಗದದ ಸುದ್ದಿಯೂ ಹೀಗೇ. 2025ರ ಸೆಪ್ಟೆಂಬರ್ 19ರಂದು ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಅನ್ನೋ ಆದೇಶಕ್ಕೆ ಟ್ರಂಪ್ ಸಹಿ ಹಾಕಿದರು. ವರ್ಷ ವರ್ಷ ಕಟ್ಟಬೇಕು ಅನ್ನೋ ಮಾತು ಮೊದಲು ಬಂದಿದ್ದು ಅಲ್ಲಿನ ವಾಣಿಜ್ಯ ಸಚಿವರ ಬಾಯಿಂದಲೇ. ಮಾರನೇ ದಿನ ಶ್ವೇತಭವನ ಸ್ಪಷ್ಟನೆ ಕೊಟ್ಟಿತು: ಇದು ವಾರ್ಷಿಕ ಅಲ್ಲ, ಒಂದೇ ಸಲ, ಹೊಸ ಅರ್ಜಿಗೆ ಮಾತ್ರ, ಈಗಾಗಲೇ ವೀಸಾ ಇರೋರಿಗೆ ಅಲ್ಲ. ಮೊದಲ ದಿನದ ಆತಂಕ ಕೆಂಪು ಅಕ್ಷರದಲ್ಲಿ ಬಂತು. ಎರಡನೇ ದಿನದ ಸಮಾಧಾನ ಎಷ್ಟು ಮನೆಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ತಲುಪಿತು? ಯೋಚನೆ ಮಾಡಿ.

ಈಗ ಕಿಟಕಿಯ ಆ ಕಡೆಯಿಂದ ನೋಡೋಣ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಜನ, ಚಹಾ ಅಂಗಡಿ, ವಾಹನ ಎಲ್ಲ ಮಣ್ಣಿನಡಿ, ಗಂಗಾವಳಿ ನದಿಯೊಳಗೆ. ಅವತ್ತು ಅಮೆರಿಕದಲ್ಲಿ ರಾತ್ರಿ. ನಿದ್ದೆಯಿಂದ ಎದ್ದು ಫೋನ್ ನೋಡಿದವನಿಗೆ ಕಂಡಿದ್ದು 'ಉತ್ತರ ಕನ್ನಡದಲ್ಲಿ ಗುಡ್ಡ ಕುಸಿತ'. ಉತ್ತರ ಕನ್ನಡ ಅಂದರೆ ಎಷ್ಟು ದೊಡ್ಡದು ಗೊತ್ತಾ? ಹನ್ನೆರಡು ತಾಲ್ಲೂಕು, ಹತ್ತು ಸಾವಿರ ಚದರ ಕಿಲೋಮೀಟರ್‌ಗೂ ಹೆಚ್ಚು. ಅಮೆರಿಕದ ಡೆಲಾವೇರ್ ಅನ್ನೋ ಇಡೀ ರಾಜ್ಯಕ್ಕಿಂತ ದೊಡ್ಡದು. ಶಿರೂರು ಘಟ್ಟದ ಕೆಳಗೆ, ಹುಲೇಕಲ್ ಘಟ್ಟದ ಮೇಲೆ. ಆ ಜಿಲ್ಲೆಯವರಿಗೆ 'ಘಟ್ಟದ ಮೇಲೋ, ಕೆಳಗೋ' ಅನ್ನೋದು ಮೊದಲ ಪ್ರಶ್ನೆ. ಪರದೆ ಮೇಲೆ ಅದಕ್ಕೆ ಉತ್ತರ ಇರೋದಿಲ್ಲ. ಊರಿಗೆ ಫೋನ್ ಮಾಡೋಣ ಅಂದರೆ ಮಳೆಗಾಲ, ಕರೆಂಟ್ ಇಲ್ಲ, ಟವರ್ ಸತ್ತಿದೆ. ಬೆಳಗಿನ ತನಕ ಅವನು ಏನು ಮಾಡಬೇಕು?

ಶಿರೂರಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಮಣ್ಣಿನಡಿ ಸಿಕ್ಕವರಲ್ಲಿ ಕೇರಳದ ಒಬ್ಬ ಲಾರಿ ಚಾಲಕ ಇದ್ದರು. ಮಲಯಾಳಂ ಚಾನೆಲ್‌ನವರು ಬಂದು ನದಿ ದಡದಲ್ಲೇ ಬೀಡು ಬಿಟ್ಟರು. ಎಪ್ಪತ್ತಕ್ಕೂ ಹೆಚ್ಚು ದಿನದ ನಂತರ, ಸೆಪ್ಟೆಂಬರ್ 25ರಂದು ಲಾರಿ ಸಿಕ್ಕಿತು. ಅಷ್ಟು ದಿನ ಅವರು ಬಿಡಲಿಲ್ಲ. ಯಾಕೆ? ಅವರ ವೀಕ್ಷಕರು ಬಿಡಲಿಲ್ಲ. 'ನಮ್ಮವನು ಎಲ್ಲಿ?' ಅಂತ ಒಂದು ರಾಜ್ಯ ಕೇಳ್ತಾ ಇತ್ತು. ಕೇಳುವವರು ಇರೋ ಕಡೆ ಟಿವಿ ನಿಲ್ಲುತ್ತೆ. ಇದು ಅಮೆರಿಕಕ್ಕೂ ನಿಜ, ಅಂಕೋಲಾಕ್ಕೂ ನಿಜ.

ನಮ್ಮ ಟಿವಿಗೆ ಊರಿನ ಹೆಸರು ಯಾಕೆ ಅಂಟಿಲ್ಲ? ಇಲ್ಲಿ ಖಾಸಗಿ ಚಾನೆಲ್‌ಗೆ ಅನುಮತಿ ಕೊಡೋದು ದೆಹಲಿ. ಅದರಲ್ಲಿ ಯಾವ ಊರಿನ ಸೇವೆಗೆ ಅಂತ ಇರೋದಿಲ್ಲ. 2022ರ ಹೊಸ ಮಾರ್ಗಸೂಚಿಯಲ್ಲಿ ದಿನಕ್ಕೆ ಅರ್ಧ ಗಂಟೆ ಸಾರ್ವಜನಿಕ ಸೇವೆಯ ಕಾರ್ಯಕ್ರಮ ಹಾಕಿ ಅಂದರು, ಅದೂ ರಾಷ್ಟ್ರೀಯ ಮಹತ್ವದ ವಿಷಯಗಳ ಮೇಲೆ. ಹುಲೇಕಲ್‌ನ ಮಳೆ ರಾಷ್ಟ್ರೀಯ ಮಹತ್ವದ್ದಾ? ಅಲ್ಲಿ ಇರೋರಿಗೆ ಅದಕ್ಕಿಂತ ಮಹತ್ವದ್ದು ಇನ್ನೇನಿದೆ?

ಹಾಗಂತ ಇದು ಯಾವಾಗಲೂ ಹೀಗೇ ಇರಲಿಲ್ಲ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. ಅದಕ್ಕೂ ಮುಂಚೆ ಕನ್ನಡದಲ್ಲಿ ಟಿವಿ ನೋಡಿದವರು ಯಾರು ಗೊತ್ತಾ? ಹಳ್ಳಿಯವರು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ನಾಸಾ ಸಂಸ್ಥೆಯ ಉಪಗ್ರಹವನ್ನು ಎರವಲು ಪಡೆದು, ಇಸ್ರೋ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿತು. ಸೈಟ್ ಅಂತ ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೇಸಾಯ, ಆರೋಗ್ಯ, ಶಾಲೆಯ ಮಕ್ಕಳಿಗೆ ಪಾಠ. ಕನ್ನಡದ ಟಿವಿ ಮೊದಲು ಮಾತಾಡಿದ್ದೇ ಹಳ್ಳಿಯ ಜೊತೆ.

ಅಮೆರಿಕದ ಲೋಕಲ್ ಟಿವಿಯನ್ನು ತಲೆ ಮೇಲೆ ಹೊತ್ತುಕೊಳ್ಳೋದೂ ಬೇಡ. ನ್ಯೂಜೆರ್ಸಿ ನೋಡಿ, ಎಷ್ಟೊಂದು ಕನ್ನಡಿಗರಿದ್ದಾರೆ. ತೊಂಬತ್ತು ಲಕ್ಷಕ್ಕೂ ಹೆಚ್ಚು ಜನ ಇರೋ ಆ ರಾಜ್ಯ ಒಂದು ಕಡೆ ನ್ಯೂಯಾರ್ಕ್, ಇನ್ನೊಂದು ಕಡೆ ಫಿಲಡೆಲ್ಫಿಯಾದ ಸ್ಟೇಷನ್‌ಗಳ ನೆರಳಲ್ಲಿದೆ. ಸ್ವಂತದ್ದಾಗಿದ್ದ ಸಾರ್ವಜನಿಕ ವಾಹಿನಿ ಎನ್‌ಜೆಎನ್ 2011ರಲ್ಲಿ ಮುಚ್ಚಿತು. ಅಲ್ಲಿಯವರದ್ದೂ ಶಿರಸಿಯವರದ್ದೇ ಗೋಳು: ಸುದ್ದಿ ಯಾವಾಗಲೂ ಪಕ್ಕದ ದೊಡ್ಡ ಊರಿನದ್ದು. 2018ರಲ್ಲಿ ಸಿಂಕ್ಲೇರ್ ಅನ್ನೋ ಕಂಪನಿ ತನ್ನ ಹತ್ತಾರು ಲೋಕಲ್ ಸ್ಟೇಷನ್‌ಗಳ ಆ್ಯಂಕರ್‌ಗಳಿಂದ ಒಂದೇ ಬರಹವನ್ನು ಅಕ್ಷರಶಃ ಓದಿಸಿತ್ತು. ಆ್ಯಂಕರ್ ಆಗಿ ಆ ವಿಡಿಯೋ ನೋಡಿ ನನಗೆ ಮೈ ಜುಂ ಅಂದಿತ್ತು. ಮುಖ ಲೋಕಲ್, ಮಾತು ಮಾಲೀಕನದ್ದು.

ಹಾಗಾದರೆ ನಾವೇನು ಮಾಡಬಹುದು? ಪ್ರತಿ ಹೋಬಳಿಗೆ ಒಂದು ಚಾನೆಲ್ ಆಗೋದಿಲ್ಲ, ದುಡ್ಡು ಹುಟ್ಟೋದಿಲ್ಲ. ಆದರೆ ಮಾಹಿತಿಗೆ ದುಡ್ಡು ಬೇಕಿಲ್ಲ, ಅದು ಆಗಲೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆ ಮಾಪಕ ಕೂರಿಸಿದೆ. ಲೆಕ್ಕ ತಾನಾಗಿಯೇ ಬೆಂಗಳೂರಿಗೆ ಬರುತ್ತೆ. ಇಷ್ಟು ಒಳ್ಳೇ ಲೆಕ್ಕ ಕೈಯಲ್ಲಿಟ್ಟುಕೊಂಡು ಪರದೆ ಮೇಲೆ 'ಮಲೆನಾಡಿನಲ್ಲಿ ವರುಣನ ಆರ್ಭಟ' ಅಂತಷ್ಟೇ ಬರೆಯೋದು, ಎಕ್ಸ್‌ರೇ ಕೈಯಲ್ಲಿದ್ದೂ 'ಎಲ್ಲೋ ನೋವಿದೆ' ಅಂದ ಹಾಗೆ. ಕೆಳಗೆ ಓಡೋ ಪಟ್ಟಿಯಲ್ಲಿ ಹೋಬಳಿವಾರು ಮಳೆ ಹಾಕೋದಕ್ಕೆ ಹೊಸ ಕ್ಯಾಮೆರಾ ಬೇಡ, ಹೊಸ ವರದಿಗಾರ ಬೇಡ.

ನಾನು ಕೇಳೋದು ಮೂರೇ. ದುರಂತದ ಸುದ್ದಿಯ ಶೀರ್ಷಿಕೆಯಲ್ಲಿ ಜಿಲ್ಲೆ ಸಾಲದು, ತಾಲ್ಲೂಕು, ಊರು ಇರಲಿ. ಪಕ್ಕದಲ್ಲಿ ನಕ್ಷೆ ಇರಲಿ, ಎಲ್ಲಿ ಏನೂ ಆಗಿಲ್ಲ ಅನ್ನೋದನ್ನೂ ತೋರಿಸಲಿ. ಮತ್ತೆ, ಮೊದಲ ದಿನದ ಆತಂಕ ಎಷ್ಟು ಹೊತ್ತು ಓಡಿತೋ, ಮಾರನೇ ದಿನದ ಸ್ಪಷ್ಟನೆ ಕನಿಷ್ಠ ಅದರ ಕಾಲು ಭಾಗ ಹೊತ್ತಾದರೂ ಓಡಲಿ.

ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲೇ ಹೇಳಿದೆ. ಆ ಸಾರ್ವಜನಿಕರಲ್ಲಿ ಹುಲೇಕಲ್‌ನ ಆಯಿಯೂ ಸೇರಿದ್ದಾರೆ. ಅವರು ನಮ್ಮನ್ನು ಕೇಳಬಹುದು, ಕೇಳಬೇಕು. ಪರದೆ ಮೇಲೆ ಬರೀ ಜಿಲ್ಲೆಯ ಹೆಸರು ಕಂಡರೆ ಚಾನೆಲ್‌ಗೆ ಫೋನ್ ಮಾಡಿ, ಮೆಸೇಜ್ ಹಾಕಿ, ಒಂದೇ ಪ್ರಶ್ನೆ ಕೇಳಿ: ಯಾವ ತಾಲ್ಲೂಕು? ಯಾವ ಊರು? ದಿನಾ ಸಾವಿರ ಜನ ಕೇಳಿದರೆ ಉತ್ತರ ತಾನಾಗಿ ಪರದೆ ಮೇಲೆ ಬರುತ್ತೆ.