ಆಸ್ಪತ್ರೆ ಬಾಗಿಲಲ್ಲಿ ಕೈಮುಗಿದದ್ದು ಸಾಕು



ಕೇರಿಯಿಂದ ಅವ್ವನನ್ನೋ ಅಪ್ಪನನ್ನೋ ಹೊತ್ತುಕೊಂಡು ದೊಡ್ಡಾಸ್ಪತ್ರೆಗೆ ಹೋದಾಗ ನಾವು ಮೊದಲು ಮಾಡೋದೇ ಕೈಮುಗಿಯೋದು. 'ಬೆಡ್ ಇಲ್ಲ, ಹೋಗ್ರಿ' ಅಂದರೆ ನಮ್ಮ ಹಣೆಬರಹ ಅಂದುಕೊಂಡು ವಾಪಸ್ ಬರ್ತೀವಿ.

ಇದು ಹಣೆಬರಹವಲ್ಲ. 1992ರಲ್ಲಿ ಪಶ್ಚಿಮ ಬಂಗಾಳದ ಒಬ್ಬ ಕೃಷಿಕೂಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಅವನನ್ನು ಸಾಗಹಾಕಿದವು. ಅವನ ಕೂಲಿಕಾರರ ಸಂಘ ಕೋರ್ಟಿಗೆ ಹೋಯಿತು. ಸರ್ಕಾರಿ ಆಸ್ಪತ್ರೆ ಸಕಾಲಕ್ಕೆ ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೇ ಭಂಗ ಎಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹಣವಿಲ್ಲ ಅನ್ನೋ ನೆಪ ಸರ್ಕಾರಕ್ಕೆ ಸಲ್ಲದು ಎಂದಿತು.

ಅಕ್ಷರ ಕಲಿತ ನಾವು ಹಾಸ್ಟೆಲಿನಲ್ಲಿ ಕೂತರೆ ಸಾಲದು. ಕೇರಿಯವರ ಜೊತೆ ಹೋಗೋಣ. ಇಲ್ಲ ಅಂದವರ ಕೈಲಿ ಅದನ್ನೇ ಬರೆಸಿಕೊಳ್ಳೋಣ. ಮುಗಿದ ಕೈಗೆ ಪೆನ್ನು ಬರಲಿ.

ಜೈ ಭೀಮ್.