ಪಾದವನ್ನು ನೋಡುವವರು ಯಾರು?

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲು, ಮಿಲ್ಲುಗಳಲ್ಲಿ ದುಡಿಯುವ ನಮಗೆ ಕೈಗಿಂತ ಮೊದಲು ಸವೆಯುವುದು ಕಾಲು. ಬೆಳಗಿನ ಜಾವ ಒಲೆಯ ಮುಂದೆ ನಿಂತ ಅಡಿಗೆಯವರು ಕೂರುವುದು ರಾತ್ರಿ ಬಾಗಿಲು ಹಾಕಿದ ಮೇಲೆ. ಪಾತ್ರೆ ತೊಳೆಯುವ ಕಡೆ ನೆಲ ಒಣಗುವುದೇ ಇಲ್ಲ. ಮಿಲ್ಲಿನವರದು ಪಾಳಿ ಪೂರ್ತಿ ನಿಂತೇ ಮಾಡುವ ಕೆಲಸ. ಮೇಲೆ ಈ ಊರಿನ ಮಳೆಗಾಲ ಬೇರೆ; ಠನ್‌ಠನಿಯಾ ಕಡೆ ಮನೆ ಮಾಡಿದವರಿಗೆ ಅದನ್ನು ನಾವು ಬಣ್ಣಿಸಬೇಕಾಗಿಲ್ಲ. ಬೆರಳ ಸಂದಿಯಲ್ಲಿ ಕೆಸರುಹುಣ್ಣು, ಅಂಗಾಲಲ್ಲಿ ಆಣಿ, ಹಿಮ್ಮಡಿಯಲ್ಲಿ ಬಿರುಕು: ಇವು ನಮ್ಮ ಕಸುಬಿನ ಮುದ್ರೆಗಳು.

ಕಣ್ಣಿಗೆ ಒಬ್ಬ ಡಾಕ್ಟರು, ಹಲ್ಲಿಗೆ ಒಬ್ಬರು, ಕಿವಿಗೆ ಒಬ್ಬರು ಇದ್ದಾರೆ. ಪಾದಕ್ಕೆ ಯಾರು? ಇಂಗ್ಲೆಂಡು, ಅಮೆರಿಕಗಳಲ್ಲಿ ಈ ಕೆಲಸಕ್ಕೆಂದೇ ಒಂದು ವೃತ್ತಿಯಿದೆ. ಅವರನ್ನು ಪೊಡಿಯಾಟ್ರಿಸ್ಟ್ ಎನ್ನುತ್ತಾರೆ. ಹಿಂದೆ ಕಿರೋಪೊಡಿಸ್ಟ್ ಎನ್ನುತ್ತಿದ್ದರು. ಆಣಿ, ಉಗುರು, ಜಡ್ಡು, ಹುಣ್ಣು, ಯಾವ ಕಾಲಿಗೆ ಎಂಥ ಜೋಡು ಎಂಬುದನ್ನೆಲ್ಲ ನೋಡುವವರು ಅವರೇ. ದೊಡ್ಡ ಡಾಕ್ಟರುಗಳು ಇವರನ್ನು ಹೇಗೆ ಕಾಣುತ್ತಾರೆ ಎಂಬುದೇ ಇಂದಿನ ವಿಷಯ. ಇದು ಅವರವರ ಮನೆಜಗಳ, ನಮಗೇನು ಎನ್ನಬೇಡಿ. ಆ ಜಗಳದ ನಡುವೆ ಬಿದ್ದಿರುವುದು ನಮ್ಮ ಕಾಲು.

ಮೊದಲು ಸ್ವಲ್ಪ ಇತಿಹಾಸ. ಇಂದು ಆಸ್ಪತ್ರೆಯಲ್ಲಿ ಅಷ್ಟೊಂದು ಮರ್ಯಾದೆ ಪಡೆಯುವ ಶಸ್ತ್ರವೈದ್ಯರು ಲಂಡನ್ನಿನಲ್ಲಿ 1745ರವರೆಗೆ ಕ್ಷೌರಿಕರ ಜತೆ ಒಂದೇ ಸಂಘದಲ್ಲಿದ್ದವರು. ಪುಸ್ತಕ ಓದಿ ನಾಡಿ ಹಿಡಿಯುವ ವೈದ್ಯನು ಕೈಯಿಂದ ಕೊಯ್ಯುವವನನ್ನು ಕೀಳಾಗಿ ಕಾಣುತ್ತಿದ್ದ ಕಾಲ ಅದು. ನಮ್ಮ ಕಲ್ಕತ್ತೆಯಲ್ಲೇ ಮೆಡಿಕಲ್ ಕಾಲೇಜು 1835ರಲ್ಲಿ ಆರಂಭವಾದಾಗ ಹೆಣ ಮುಟ್ಟಿದರೆ ಜಾತಿ ಕೆಡುವುದೆಂಬ ಭಯವಿತ್ತು. 1836ರಲ್ಲಿ ಪಂಡಿತ ಮಧುಸೂದನ ಗುಪ್ತರು ಕತ್ತಿ ಹಿಡಿದು ಹೆಣ ಕೊಯ್ದದ್ದು ಆ ಕಾರಣಕ್ಕೇ ದೊಡ್ಡ ಸುದ್ದಿಯಾಯಿತು. ಹೀಗೆ ಹೆಣದ ಮೈಲಿಗೆ ಹೋಯಿತು, ಕತ್ತಿಯ ಕೀಳು ಹೋಯಿತು. ಆದರೆ ಪಾದದ ಕೀಳು ಹೋಗಲಿಲ್ಲ. ಬಂಗಾಳಿ ಮನೆಗಳಲ್ಲಿ ಹೆಂಗಸರ ಉಗುರು ತೆಗೆದು ಪಾದಕ್ಕೆ ಆಲ್ತಾ ಹಚ್ಚಲು ನಾಪಿತರ ಹೆಂಗಸೇ ಬರಬೇಕಾಗಿತ್ತು. ನಮ್ಮ ಊರುಗಳಲ್ಲೂ ಪಾದ, ಚರ್ಮ, ಚಪ್ಪಲಿಗಳ ಕೆಲಸ ಯಾರ ಪಾಲಿಗೆ ಬಂದಿತ್ತೆಂದು ನಿಮಗೆ ಗೊತ್ತು.

ಇಂಗ್ಲೆಂಡಿನಲ್ಲಿ 1960ರ ಕಾಯಿದೆಯಿಂದ ಕಿರೋಪೊಡಿಸ್ಟರ ನೋಂದಣಿಗೆ ಸರ್ಕಾರಿ ಏರ್ಪಾಡಾಯಿತು. ಆ ಕಾಯಿದೆಯ ಹೆಸರು ನೋಡಿ: ವೈದ್ಯಕ್ಕೆ ಪೂರಕವಾದ ವೃತ್ತಿಗಳ ಕಾಯಿದೆ. ಒಳಗೆ ಬಾ, ಆದರೆ ಹಿಂದಿನ ಸಾಲಿನಲ್ಲಿ ಕೂರು ಎಂದಂತೆ! ಅಮೆರಿಕದಲ್ಲಿ ಅವರು ಕಾಲೇಜು ಮುಗಿಸಿ ನಾಲ್ಕು ವರ್ಷ ಪಾದವೈದ್ಯ ಓದಿ, ಮತ್ತೆ ಮೂರು ವರ್ಷ ಆಸ್ಪತ್ರೆಯಲ್ಲಿ ಪಳಗುತ್ತಾರೆ, ಶಸ್ತ್ರಕ್ರಿಯೆಯನ್ನೂ ಮಾಡುತ್ತಾರೆ. ಆದರೂ ಪಾದ ಅವರದು, ಹರಡು ಯಾರದು ಎಂದು ಮೂಳೆ ಡಾಕ್ಟರುಗಳಿಗೂ ಅವರಿಗೂ ಹಲವು ರಾಜ್ಯಗಳಲ್ಲಿ ವ್ಯಾಜ್ಯ ನಡೆದಿದೆ.

ಡಾಕ್ಟರುಗಳ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಕತ್ತಿ ಹಿಡಿಯುವವನು ಏನು ಕಲಿತಿದ್ದಾನೆ ಎಂದು ಕೇಳುವುದು ನ್ಯಾಯವೇ. ಫುಟ್‌ಪಾತಿನಲ್ಲಿ ಕೂತು ಆಣಿ ಕೀಳುತ್ತೇನೆನ್ನುವವನಿಗೆ ಕಾಲು ಕೊಟ್ಟು ಕೀವು ತುಂಬಿಸಿಕೊಂಡು ಬಂದವರನ್ನು ನಾವೂ ಕಂಡಿದ್ದೇವೆ. ಆದರೆ ಕಲಿತವನು ಬೇಕು ಎನ್ನುವುದು ಬೇರೆ. ಈ ಕೆಲಸವೇ ಕ್ಷುಲ್ಲಕ ಎನ್ನುವುದು ಬೇರೆ.

ಕ್ಷುಲ್ಲಕವಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ದೇಶದಲ್ಲೇ ಇದೆ. ಡಾಕ್ಟರ್ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿಗೆ ಬಂದರು. ಕುಷ್ಠರೋಗಿಯ ಬೆರಳು, ಪಾದ ಕೊಳೆತು ಉದುರುವುದು ರೋಗದಿಂದಲೇ ಎಂದು ಆಗ ಎಲ್ಲರೂ ನಂಬಿದ್ದರು. ಹಾಗಲ್ಲ, ನರ ಸತ್ತು ನೋವು ತಿಳಿಯದೆ ಹೋಗುತ್ತದೆ, ತಿಳಿಯದ್ದರಿಂದ ಅದೇ ಜಾಗದ ಮೇಲೆ ಮತ್ತೆ ಮತ್ತೆ ಭಾರ ಬಿದ್ದು ಹುಣ್ಣಾಗುತ್ತದೆ ಎಂದು ಬ್ರ್ಯಾಂಡ್ ತೋರಿಸಿದರು. ಹುಣ್ಣಾದ ಕಾಲಿಗೆ ಪ್ಲಾಸ್ಟರ್ ಕಟ್ಟಿ ಭಾರ ಹಂಚಿದರೆ ಅದು ಮಾಯುತ್ತಿತ್ತು. ಮಾಯ್ದ ಮೇಲೆ ಬೇಕಾದದ್ದು ಔಷಧವಲ್ಲ, ತಕ್ಕ ಜೋಡು. ಆದ್ದರಿಂದ ಆ ದೊಡ್ಡ ಡಾಕ್ಟರು ಮೋಚಿಗಳ ಜತೆ ಸೇರಿ ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಸಿದರು. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್ಲಿನ ಕುಷ್ಠರೋಗಾಸ್ಪತ್ರೆಗೆ ಹೋದರು. ಅಲ್ಲಿ ಇದೇ ವಿದ್ಯೆ ಸಕ್ಕರೆ ಕಾಯಿಲೆಯ ಪಾದಕ್ಕೂ ಬಂತು. ಇಂದು ಅಲ್ಲಿನ ಪಾದವೈದ್ಯರು ಮಾಡುವ ಕೆಲಸದ ಒಂದು ಬೇರು ವೆಲ್ಲೂರಿನ ಮೋಚಿಯ ಅಂಗಳದಲ್ಲಿದೆ.

ಜೈಪುರದ ಕೃತಕ ಕಾಲಿನ ಕಥೆಯೂ ಇಂಥದೇ. 1968ರ ಸುಮಾರಿಗೆ ಅದನ್ನು ರೂಪಿಸಿದವರು ಡಾಕ್ಟರ್ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ. 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದು ಡಾಕ್ಟರಿಗೆ. ಸೇಠಿಯವರ ಹಿರಿಮೆಯನ್ನು ನಾವು ಕಡಿಮೆ ಮಾಡುತ್ತಿಲ್ಲ. ಆದರೆ ಕೈಯಿಂದ ದುಡಿಯುವವರ ಸಂಘದಲ್ಲಿ ಶರ್ಮರ ಹೆಸರನ್ನೂ ಹೇಳದಿದ್ದರೆ ಹೇಗೆ?

ಈಗ ಸಕ್ಕರೆ ಕಾಯಿಲೆಗೆ ಬರೋಣ. ನಮ್ಮಲ್ಲಿ ಇದು ಯಾರ ಮನೆಗೆ ಬಂದಿಲ್ಲ? ಈ ಕಾಯಿಲೆಯವರ ಕಾಲು ಕತ್ತರಿಸುವ ಪ್ರಸಂಗಗಳಲ್ಲಿ ನೂರಕ್ಕೆ ಸುಮಾರು 85 ಆರಂಭವಾಗುವುದು ಪಾದದ ಒಂದು ಹುಣ್ಣಿನಿಂದ. ಜಡ್ಡಿನ ಕೆಳಗೆ ಹುಣ್ಣು ಬೆಳೆಯುತ್ತದೆ, ನೋವಿಲ್ಲ, ಮಾಲೀಕ ರಜೆ ಕೊಡುವುದಿಲ್ಲ, ನಾವೂ ಕೇಳುವುದಿಲ್ಲ. ಅದನ್ನು ಮೊದಲೇ ಹಿಡಿಯುವ ಸಲಕರಣೆ ಏನು ಗೊತ್ತೆ? ಒಂದು ನೈಲಾನ್ ಎಳೆ. ಹತ್ತು ಗ್ರಾಮಿನ ಒತ್ತಡಕ್ಕೆ ಬಾಗುವ ಆ ಎಳೆಯನ್ನು ಅಂಗಾಲಿಗೆ ತಾಗಿಸಿದಾಗ ತಿಳಿಯದಿದ್ದರೆ ಅಪಾಯ ಹತ್ತಿರವಿದೆ ಎಂದರ್ಥ. ಅದಕ್ಕೆ ದೊಡ್ಡ ಯಂತ್ರ ಬೇಡ. ಜೋಡು ಬಿಚ್ಚಿಸಿ, ಬಗ್ಗಿ ನೋಡುವ ಒಬ್ಬರು ಬೇಕು. ರಕ್ತನಾಳದ ಶಸ್ತ್ರವೈದ್ಯರೂ ಪಾದವೈದ್ಯರೂ ಸರಿಸಮವಾಗಿ ಕೂತು ರೋಗಿಯನ್ನು ನೋಡುವ ಪದ್ಧತಿ ಅಮೆರಿಕದ ಕೆಲವು ಆಸ್ಪತ್ರೆಗಳಲ್ಲಿ ಬಂದಿದೆ. ಕಾಲು ಉಳಿಸುವ ಲೆಕ್ಕಕ್ಕೆ ಬಂದಾಗ ಮೇಲುಕೀಳು ತಾನಾಗಿ ಸಡಿಲವಾಗುತ್ತದೆ.

ನಮ್ಮ ದೇಶದ ಸ್ಥಿತಿ? 2021ರಲ್ಲಿ ಪಾರ್ಲಿಮೆಂಟು ಮಾಡಿದ ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆಯ ಪಟ್ಟಿಯಲ್ಲಿ ಪೊಡಿಯಾಟ್ರಿಸ್ಟ್ ಎಂಬ ಹೆಸರು ಸೇರಿದೆ. ಬೆಂಗಳೂರಿನ ಸರ್ಕಾರಿ ಮಧುಮೇಹ ಸಂಸ್ಥೆಯಲ್ಲಿ ಪಾದಕ್ಕೆಂದೇ ಒಂದು ವಿಭಾಗ ಇದೆ. ಕನ್ನಡಿಗರಾಗಿ ನಾವು ಸಂತೋಷಪಡಬಹುದು. ಆದರೆ ಪಟ್ಟಿಯಲ್ಲಿನ ಹೆಸರು ನಮ್ಮ ಕಾಲನ್ನು ಮುಟ್ಟಲಾರದು. ಚೀಟಿ ಹಿಡಿದು ಸಾಲಿನಲ್ಲಿ ನಿಂತು ಒಳಗೆ ಹೋದರೆ, ಮೇಜಿನ ಆಚೆಯಿಂದಲೇ ಸಕ್ಕರೆಯ ಅಂಕಿ ನೋಡಿ ಮಾತ್ರೆ ಬರೆಯುತ್ತಾರೆ. ಚಪ್ಪಲಿ ಬಿಚ್ಚು ಎಂದವರು ಎಷ್ಟು ಜನ? ಕೈ ಎತ್ತಿ ನೋಡೋಣ.

ಅದಕ್ಕೇ ಕೇಳುವುದನ್ನು ನಾವೇ ಆರಂಭಿಸಬೇಕಾಗಿದೆ. ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಅವರು ಹೇಳುವ ಮೊದಲೇ ಜೋಡು ಬಿಚ್ಚಿ ಪಾದ ತೋರಿಸಿ. ನಾಚಿಕೆ ಬೇಡ, ಕೊಳೆಯಿದ್ದರೆ ಅದು ದುಡಿಮೆಯ ಕೊಳೆ. ಸಕ್ಕರೆಯಿರುವವರು ಬ್ಲೇಡಿನಿಂದ ಆಣಿ ಕೆತ್ತಬೇಡಿ, ಅಂಗಡಿಯ ಆಣಿಪಟ್ಟಿಯನ್ನೂ ಅಂಟಿಸಬೇಡಿ. ಅದರಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ರಾತ್ರಿ ಮಲಗುವ ಮುನ್ನ ಬೆರಳ ಸಂದಿ ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ; ಕೋಣೆಯ ಜತೆಗಾರ ನೋಡಿದರೂ ಆದೀತು.

ಇ.ಎಸ್.ಐ. ಚಿಕಿತ್ಸಾಲಯಗಳಲ್ಲಿ ವಾರಕ್ಕೊಂದು ದಿನ ಪಾದ ಪರೀಕ್ಷೆ ನಡೆಯಬೇಕು, ಅದಕ್ಕೆ ತರಬೇತಾದ ಒಬ್ಬರನ್ನು ನೇಮಿಸಬೇಕು ಎಂದು ಅರ್ಜಿ ಬರೆದಿಟ್ಟಿದ್ದೇವೆ. ಬಂಗಾಳಿಯಲ್ಲೂ ಬರೆಸಿದ್ದೇವೆ, ಜತೆಯ ಬಂಗಾಳಿ, ಬಿಹಾರಿ, ಒರಿಯಾ ಕೆಲಸಗಾರರ ಸಹಿಯೂ ಬೇಕು. ಕಾಗದ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಪಾಳಿಗೆ ಹೋಗಬೇಕಾದವರು ಮೊದಲು ಸಹಿ ಹಾಕಿ ಹೊರಡಬಹುದು.