ಸಿಗಾರಿನ ಪೆಟ್ಟಿಗೆ ನಡೆದುಬಂದ ದಾರಿ

ತಂಬಾಕು ಆರೋಗ್ಯಕ್ಕೆ ಕೇಡು. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಎಲೆಯನ್ನು ಕೆಡದಂತೆ ಕಾಪಾಡಲು ಜನ ಪಟ್ಟ ಪಾಡು ಕೇಳುವಂಥದ್ದು.

ಕ್ಯೂಬಾದಲ್ಲಿ ಸಿಗಾರ್ ಒಣಗುವ ಚಿಂತೆ ಅಷ್ಟಾಗಿ ಇರಲಿಲ್ಲ. ಕಡಲ ನಡುವಿನ ಆ ದ್ವೀಪದ ಗಾಳಿಯೇ ತೇವ. ಹಡಗು ಹತ್ತಿ ಯುರೋಪಿಗೆ ಹೋದ ಮೇಲೆ ಕಷ್ಟ ಶುರುವಾಯಿತು. ಚಳಿಗಾಲವಿಡೀ ಬೆಂಕಿಗೂಡು ಉರಿಯುವ ಮನೆಗಳಲ್ಲಿ ಹೊರಹೊದಿಕೆಯ ಎಲೆ ಬಿರುಕು ಬಿಡುತ್ತಿತ್ತು. ಒಣಗಿದ ಸಿಗಾರ್ ಬೇಗ ಉರಿದು ಬಾಯಿ ಕಹಿ ಮಾಡುತ್ತದೆ. ಅತಿ ತೇವವಾದರೆ ಬೂಷ್ಟು ಹಿಡಿಯುತ್ತದೆ.

ಮೊದಮೊದಲು ಕಟ್ಟು ಕಟ್ಟಿ ಮಾರುತ್ತಿದ್ದ ಸಿಗಾರು ಹತ್ತೊಂಬತ್ತನೇ ಶತಮಾನದಲ್ಲಿ ಸ್ಪ್ಯಾನಿಷ್ ಸೀಡರ್ ಪೆಟ್ಟಿಗೆ ಸೇರಿತು. ಹೆಸರಿಗೆ ಸೀಡರ್ ಆದರೂ ಇದು ದೇವದಾರುವಿನ ಬಳಗದ್ದಲ್ಲ, ನಮ್ಮ ಬೇವಿನ ಕುಟುಂಬಕ್ಕೆ ಸೇರಿದ ಮರ. ತೇವವನ್ನು ಹೀರಿ ನಿಧಾನವಾಗಿ ಬಿಟ್ಟುಕೊಡುತ್ತದೆ, ಅದರ ಘಾಟು ಹುಳುಗಳಿಗೆ ಆಗದು. ಇಷ್ಟು ಹೊಂದುವ ಮರ ಮತ್ತೊಂದು ಸಿಗಲಿಲ್ಲವೆಂದೇ ನನ್ನ ಭಾವನೆ.

1907ರಲ್ಲಿ ಆಲ್ಫ್ರೆಡ್ ಡನ್‌ಹಿಲ್ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದರು. ಮುಂದೆ ಅಲ್ಲಿ ಗಿರಾಕಿಗಳ ಸಿಗಾರುಗಳನ್ನು ಕಾದಿಡುವ ಏರ್ಪಾಡೂ ಬಂತು. ಇತ್ತ ಜಿನೀವಾದಲ್ಲಿ ಜೀನೋ ಡೇವಿಡಾಫ್, ಕ್ಯೂಬಾದಲ್ಲಿ ತಂಬಾಕಿನ ಕೆಲಸ ಕಲಿತು ಬಂದು, ಅಲ್ಲಿನ ಹವೆಯನ್ನೇ ನೆಲಮಾಳಿಗೆಯಲ್ಲಿ ಕಟ್ಟಿದರು. ಕ್ರಮೇಣ ತೇವ ಕಾಯುವ ಹ್ಯೂಮಿಡಾರ್ ಎಂಬ ಪೆಟ್ಟಿಗೆ ಸಿರಿವಂತರ ಮೇಜಿನ ಶೋಭೆಯೂ ಆಯಿತು. 1961ರಲ್ಲಿ ನಟ ಮಿಲ್ಟನ್ ಬರ್ಲ್ ಅಮೆರಿಕದ ಅಧ್ಯಕ್ಷ ಕೆನಡಿಗೆ ಕೊಟ್ಟ ಅಂಥದ್ದೊಂದು ಪೆಟ್ಟಿಗೆ 1996ರ ಹರಾಜಿನಲ್ಲಿ 5,74,500 ಡಾಲರಿಗೆ ಹೋಯಿತು!

ಆ ಬೆಲೆಗೂ ಕಾಪಾಡುವ ಗುಣಕ್ಕೂ ಸಂಬಂಧವಿಲ್ಲ. ಬೇಕಾದ್ದು ಶೇಕಡಾ 65ರಿಂದ 70ರ ಆರ್ದ್ರತೆ, 18ರಿಂದ 21 ಡಿಗ್ರಿ ಸೆಲ್ಸಿಯಸ್ ತಂಪು. ಬಿಗಿ ಮುಚ್ಚಳದ ಗಾಜಿನ ಜಾಡಿ, ತೇವ ಕಾಯುವ ಪೊಟ್ಟಣ, ಆರ್ದ್ರತಾಮಾಪಕ, ಇಷ್ಟಿದ್ದರೆ ಸಾಕು. ಫ್ರಿಜ್ ಮಾತ್ರ ಬೇಡ, ಅದರೊಳಗಿನ ಗಾಳಿ ಒಣ. ಸಾಲದ್ದಕ್ಕೆ ಸಾರು, ಬೆಳ್ಳುಳ್ಳಿಯ ವಾಸನೆ ಎಲೆಗೆ ಹತ್ತುತ್ತದೆ. ಸೀಡರ್ ಪೆಟ್ಟಿಗೆ ಕೊಂಡವರು ಮೊದಲು ಒಳಗೊಂದು ಬಟ್ಟಲು ಬಟ್ಟಿ ಇಳಿಸಿದ ನೀರಿಟ್ಟು, ಮರ ತಣಿಯುವವರೆಗೆ ಕೆಲವು ದಿನ ಮುಚ್ಚಿಡಬೇಕು. ಇಲ್ಲದಿದ್ದರೆ ಒಣಮರ ಸಿಗಾರಿನ ತೇವವನ್ನೇ ಎಳೆದುಕೊಳ್ಳುತ್ತದೆ.

ನಮ್ಮ ಬೇಸಿಗೆಯಲ್ಲಿ ಇನ್ನೊಂದು ಅಪಾಯವಿದೆ. ಬೆಚ್ಚನೆಯ ಹವೆಯಲ್ಲಿ ತಂಬಾಕಿನ ಜೀರುಂಡೆಯ ಮೊಟ್ಟೆ ಒಡೆಯುತ್ತದೆ. ಅಡುಗೆಮನೆಯ ಧನಿಯಾ, ಒಣಮೆಣಸಿನಕಾಯಿಗಳಿಗೆ ಬೀಳುವುದೂ ಇದೇ ಹುಳು. ಎಲೆಯ ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಆ ಸಿಗಾರನ್ನು ಕೂಡಲೇ ಬೇರೆ ಮಾಡಿ.

ಮಾಪಕವನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟೇ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ಒಂದು ದಿನ ಇಡಿ. ಅದು ಶೇಕಡಾ 75 ತೋರಿಸಬೇಕು. ಹೆಚ್ಚುಕಡಿಮೆ ತೋರಿಸಿದರೆ ಆ ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಮಾಪಕದ ಬೆನ್ನಿಗೆ ಅಂಟಿಸಿಡಿ.